ಮೇಸ್ತ್ರಮ್ಮ ಓದಿದ ಅರ್ಧ ಮಾತು

ಮೇಸ್ತ್ರಮ್ಮನ ಮನೆಯಲ್ಲಿ ಗುಟ್ಟು ಮಾತಾಡಬೇಕೆಂದರೆ ದನಿ ತಗ್ಗಿಸಿ ಪ್ರಯೋಜನವಿಲ್ಲ, ಬೆನ್ನು ತಿರುಗಿಸಬೇಕು. ಬೇರೆ ಮನೆಗಳಲ್ಲಿ ಗೋಡೆಗೂ ಕಿವಿ ಇರುತ್ತದಂತೆ. ಈ ಮನೆಯಲ್ಲಿ ಮನೆಯೊಡತಿಗೇ ಕಿವಿ ಕೇಳಿಸುವುದಿಲ್ಲ, ಆದರೂ ಅವರಿಗೆ ಗೊತ್ತಾಗದಂತೆ ಒಂದು ಪಿಸುಮಾತು ಹೊಸ್ತಿಲು ದಾಟಿದ್ದಿಲ್ಲ. ತುಟಿ ಅಲ್ಲಾಡಿತೆಂದರೆ ಮಾತು ಅವರ ಕೈಗೆ ಸಿಕ್ಕಿತು ಎಂದೇ ತಿಳಿಯಬೇಕು.

ಇದೇನೂ ಮಾಯಮಂತ್ರವಲ್ಲ. ಬಟ್ಟೆ ಗಿರಣಿಯ ಮಗ್ಗದ ಶೆಡ್ಡಿನಲ್ಲಿ ಆಯುಷ್ಯ ಸವೆಸಿದವರಿಗೆಲ್ಲ ಬರುವ ವಿದ್ಯೆ. ಸಾಲು ಸಾಲು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವಾಗ ಅಲ್ಲಿ ಗಂಟಲು ಹರಿಯುವಂತೆ ಕೂಗಿದರೂ ಪಕ್ಕದವರಿಗೆ ಕೇಳಿಸದು. ಆದ್ದರಿಂದ ಶೆಡ್ಡಿನವರು ಕೂಗುವ ಗೋಜಿಗೇ ಹೋಗುತ್ತಿರಲಿಲ್ಲ. ದನಿಯನ್ನು ಗಂಟಲಲ್ಲೇ ಬಿಟ್ಟು ತುಟಿಯನ್ನಷ್ಟೇ ಆಡಿಸುತ್ತಿದ್ದರು, ಎದುರಿಗಿದ್ದವರು ಓದಿಕೊಳ್ಳುತ್ತಿದ್ದರು. ಮೇಸ್ತ್ರಮ್ಮ ಹದಿನಾರರ ಹುಡುಗಿಯಾಗಿ ಅಲ್ಲಿಗೆ ಕಾಲಿಟ್ಟಾಗ ಸಿಕ್ಕಿದ್ದು ಹರಿದ ಎಳೆಗೆ ಗಂಟು ಹಾಕುವ ಕೆಲಸ. ಮೊದಲು ಕೈ ಪಳಗಿತು, ಆಮೇಲೆ ಕಣ್ಣು ಪಳಗಿತು. ಇವೆರಡೂ ಪಳಗುವ ಹೊತ್ತಿಗೆ ಕಿವಿ ಯಾರಿಗೂ ಹೇಳದೆ ಕೇಳದೆ ಜಾಗ ಖಾಲಿ ಮಾಡಿತ್ತು.

ಕಿವಿ ಹೋಯಿತೆಂದು ಅಳುತ್ತ ಕೂರುವ ಜೀವ ಅದಲ್ಲ. ಗಂಟು ಹಾಕುತ್ತಿದ್ದವರು ಮಗ್ಗ ಹಿಡಿದರು, ಮಗ್ಗ ಹಿಡಿದವರು ಒಂದಿಡೀ ಸಾಲಿನ ಮೇಸ್ತ್ರಿಯಾದರು. ಆ ಶೆಡ್ಡಿಗೆ ಹೆಂಗಸೊಬ್ಬಳು ಮೇಸ್ತ್ರಿಯಾದದ್ದು ಅದೇ ಮೊದಲು. ಲಾಳಿಯಲ್ಲಿ ನೂಲು ತೀರುವ ಮೊದಲೇ, ಎಳೆ ಹರಿಯುವ ಮೊದಲೇ ಅವರು ಆ ಮಗ್ಗದ ಮುಂದೆ ನಿಂತಿರುತ್ತಿದ್ದರು. ಹೇಗೆ ಗೊತ್ತಾಗುತ್ತೆ ಎಂದು ಕೇಳಿದರೆ ‘ನೆಲ ಹೇಳುತ್ತೆ’ ಎಂದು ಅಂಗಾಲು ತೋರಿಸುತ್ತಿದ್ದರು. ಮಗ್ಗದ ಬಡಿತ ಒಂದಿಷ್ಟು ತಪ್ಪಿದರೂ ಪಾದಕ್ಕೆ ತಿಳಿಯುತ್ತಿತ್ತು. ಇಂಥವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯದೆ ಇನ್ನಾರ ಬಗ್ಗೆ ಬರೆಯಬೇಕು, ನೀವೇ ಹೇಳಿ.

ಶೆಡ್ಡಿನಲ್ಲಿ ಬರೆದಿಡದ ಕಾಯ್ದೆಯೊಂದಿತ್ತು. ‘ನಿನಗೆ ಹೇಳದ ಮಾತು ನಿನ್ನದಲ್ಲ.’ ಎಲ್ಲರ ತುಟಿಯೂ ಎಲ್ಲರಿಗೂ ಕಾಣುವ ಜಾಗ ಅದು. ಮೂಲೆಯಲ್ಲಿ ನಿಂತು ಇಬ್ಬರು ಆಡಿಕೊಂಡದ್ದು ಇನ್ನೊಂದು ಮೂಲೆಯಲ್ಲಿರುವವನ ಕಣ್ಣಿಗೆ ಬಿದ್ದೇ ಬೀಳುತ್ತದೆ. ಹಾಗೆ ಬಿದ್ದದ್ದನ್ನು ಎತ್ತಿಕೊಂಡು ಜಗಳಕ್ಕೆ ಹೋಗುವುದಾದರೆ ದಿನಕ್ಕೊಂದು ತಲೆ ಉರುಳಬೇಕಿತ್ತು. ಆದ್ದರಿಂದ ಓದಿದರೂ ಓದದವರ ಹಾಗೆ ಇರಬೇಕು, ನುಂಗಿಕೊಳ್ಳಬೇಕು. ‘ಹೆಣ್ಣಿನ ಕೈಕೆಳಗೆ ದುಡಿಯೋ ಗತಿ ಬಂತಲ್ಲ’ ಎಂದು ಗಂಡಸರು ಆಡಿಕೊಂಡದ್ದನ್ನು ಮೇಸ್ತ್ರಮ್ಮ ಓದಿದ್ದರು, ನುಂಗಿದ್ದರು. ಅವರಲ್ಲೊಬ್ಬನ ಬೆರಳು ಮಗ್ಗಕ್ಕೆ ಸಿಕ್ಕಿದಾಗ ಓಡಿಹೋಗಿ ಮಗ್ಗ ನಿಲ್ಲಿಸಿ ಆ ಬೆರಳು ಉಳಿಸಿದವರೂ ಅವರೇ.

ಆ ಕಾಯ್ದೆಯಿಂದಲೇ ಅವರ ಮದುವೆಯೂ ಆಯಿತು. ಮಗ್ಗಗಳ ಕೀಲಿಗೆ ಎಣ್ಣೆ ಬಿಡುತ್ತ ತಿರುಗುವವನೊಬ್ಬನಿದ್ದ. ಎಲ್ಲರೂ ಎಣ್ಣೆಯಣ್ಣ ಎನ್ನುತ್ತಿದ್ದರು. ಹೆಸರು ಕೇಳಿ ತಪ್ಪು ತಿಳಿಯಬೇಡಿ. ಅದು ಮಗ್ಗ ಕುಡಿಯುವ ಎಣ್ಣೆ, ಅವನು ಕುಡಿಯುವುದಲ್ಲ. ಒಂದು ಮಧ್ಯಾಹ್ನ ಅವನು ಸಾಲಿನ ಆ ತುದಿಯಲ್ಲಿ ನಿಂತು, ಎಣ್ಣೆಯ ಡಬ್ಬಿ ಎದೆಗವಚಿಕೊಂಡು, ಈ ತುದಿಯಲ್ಲಿದ್ದ ಅವರಿಗೆ ತುಟಿಯಲ್ಲೇ ಹೇಳಿದ: ‘ನನ್ನ ಮದುವೆ ಆಗ್ತೀಯಾ?’ ನಡುವೆ ಇದ್ದವರೆಲ್ಲ ಓದಿದರು. ಒಬ್ಬರೂ ತಲೆಯೆತ್ತಲಿಲ್ಲ. ಇಡೀ ಶೆಡ್ಡು ಬಲು ಶ್ರದ್ಧೆಯಿಂದ ಬಟ್ಟೆ ನೇಯುತ್ತಿತ್ತು. ಅವತ್ತು ಮೇಸ್ತ್ರಮ್ಮನ ಮಗ್ಗದಲ್ಲಿ ಒಂದು ಎಳೆ ಹರಿಯಿತು, ಅದನ್ನು ಅವರು ಗಮನಿಸಲೂ ಇಲ್ಲ.

ಈಗ ಗಿರಣಿ ಮುಚ್ಚಿದೆ. ಗಂಡ ಹೆಂಡತಿ ಇಬ್ಬರ ಕೂದಲೂ ಹತ್ತಿಯಾಗಿದೆ. ಎಣ್ಣೆಯಣ್ಣನ ಕಿವಿಯೂ ಅಷ್ಟಕ್ಕಷ್ಟೆ. ಊಟದ ಮೇಜಿನ ಎದುರು ಬದುರು ಕೂತು ಇಬ್ಬರೂ ದನಿಯಿಲ್ಲದೆ ಹರಟುತ್ತಾರೆ, ನಗುತ್ತಾರೆ, ಒಮ್ಮೊಮ್ಮೆ ಜಗಳವನ್ನೂ ಆಡುತ್ತಾರೆ. ಮಗ ಲಿಫ್ಟ್ ರಿಪೇರಿಯವನು. ‘ಅದೇನು ಅಂತ ನಮಗೂ ಸ್ವಲ್ಪ ಹೇಳಿ’ ಎಂದು ಅವನು ಗೊಣಗುವುದುಂಟು. ಸೊಸೆ ಹಲ್ಲಿನ ಡಾಕ್ಟರರ ಬಳಿ ಸಹಾಯಕಿ. ದಿನವಿಡೀ ಮೂಗು ಬಾಯಿಗೆ ಮಾಸ್ಕು. ಸಂಜೆ ಮನೆಗೆ ಬಂದವಳು ಗೇಟಿನ ಹತ್ತಿರವೇ ಅದನ್ನು ಕಿತ್ತು ಚೀಲಕ್ಕೆ ತುರುಕಿ, ಆಮೇಲೆ ಒಳಗೆ ಬರುತ್ತಾಳೆ. ಎಂಟು ವರ್ಷದ ಮೊಮ್ಮಗಳಿಗೆ ಅಜ್ಜಿ ತಾತನ ಭಾಷೆ ಅರ್ಧಂಬರ್ಧ ಬರುತ್ತದೆ. ಅದನ್ನು ಅವಳು ಮುಖ್ಯವಾಗಿ ಶಾಲೆಯಲ್ಲಿ ಪರೀಕ್ಷೆಯ ಹೊತ್ತಿಗೆ ಬಳಸುತ್ತಾಳೆ ಎಂಬ ದೂರಿದೆ.

ಒಂದು ದಿನ ರಾತ್ರಿಯೂಟಕ್ಕೆ ಕೂತಾಗ ಮಗ ಸುದ್ದಿ ಒಡೆದ. ಬರುವ ತಿಂಗಳ ಮೊದಲ ವಾರಾಂತ್ಯಕ್ಕೆ ರಜೆ ಸಿಕ್ಕಿದೆ, ಐದೂ ಜನ ಬಂದರು ಪಟ್ಟಣಕ್ಕೆ ಹೋಗುವುದು, ಎರಡು ರಾತ್ರಿ ಇದ್ದು ಬರುವುದು. ಎಣ್ಣೆಯಣ್ಣ ತುತ್ತು ಕೈಯಲ್ಲೇ ಹಿಡಿದು ಹೆಂಡತಿಯ ಮುಖ ನೋಡಿದ. ಆ ಪಟ್ಟಣಕ್ಕೆ ಹೋಗಿ ಬರಬೇಕೆಂಬುದು ಅವರಿಬ್ಬರ ಮದುವೆಯಷ್ಟೇ ಹಳೆಯ ಆಸೆ. ಗಿರಣಿ ವರ್ಷಕ್ಕೊಮ್ಮೆ ಯಂತ್ರ ತೊಳೆಯಲು ಬಾಗಿಲು ಹಾಕುತ್ತಿದ್ದ ವಾರದಲ್ಲಿ ಪ್ರತಿ ಸಲವೂ ಹೊರಡುವ ಮಾತು ಬರುತ್ತಿತ್ತು. ಒಂದು ವರ್ಷ ಮಾವನಿಗೆ ಕಾಯಿಲೆ, ಒಂದು ವರ್ಷ ಬಾಣಂತನ, ಒಂದು ವರ್ಷ ಸೂರು ಸೋರಿತು. ಕೊನೆಗೆ ಗಿರಣಿಯೇ ಖಾಯಮ್ಮಾಗಿ ಬಾಗಿಲು ಹಾಕಿತು, ಆಸೆ ಮಾತ್ರ ಹಾಗೇ ಉಳಿಯಿತು.

‘ಸಮುದ್ರ ಕಣೋ,’ ಎಂದ ಎಣ್ಣೆಯಣ್ಣ, ಮಗನಿಗೆ ಕೇಳಲೆಂದು ದನಿ ತೆಗೆದು. ‘ನಿಮ್ಮಮ್ಮ ಇಷ್ಟು ವರ್ಷ ಬಟ್ಟೆ ಸಮುದ್ರ ನೋಡಿದ್ದಾಯ್ತು, ಇನ್ನು ನೀರಿಂದು ನೋಡ್ಲಿ.’

ಮರುದಿನ ಬೆಳಗ್ಗೆಯಿಂದಲೇ ಪ್ರವಾಸದ ಮೇಸ್ತ್ರಿಗಿರಿ ಮೇಸ್ತ್ರಮ್ಮನ ಕೈಗೆ ಹೋಯಿತು. ಯಾರೂ ಕೊಟ್ಟದ್ದಲ್ಲ, ಯಾರೂ ಬೇಡವೆನ್ನಲೂ ಇಲ್ಲ. ಒಳಕೋಣೆಯ ಮಂಚದ ಮೇಲೆ ಅವರು ಸಾಮಾನುಗಳನ್ನು ಸಾಲಾಗಿ ಹಾಸತೊಡಗಿದರು. ಮೊದಲು ಬೇಕಾಗುವುದು ಬಾಗಿಲ ಕಡೆಗೆ, ಕೊನೆಗೆ ಬೇಕಾಗುವುದು ಗೋಡೆಯ ಕಡೆಗೆ. ರೈಲಿನಲ್ಲಿ ತಿನ್ನಲು ಬಾಳೆಹಣ್ಣು, ಬ್ರೆಡ್ಡು ಇಡುವ ಡಬ್ಬಿ ಬಾಗಿಲಿಗೆ ಹತ್ತಿರ. ಒದ್ದೆ ಬಟ್ಟೆ ತುಂಬಿಕೊಂಡು ಬರುವ ಖಾಲಿ ಚೀಲ ಗೋಡೆಗೆ ಹತ್ತಿರ. ಮೊಮ್ಮಗಳು ಒದ್ದೆಯಾಗದೆ ಬರುವವಳಲ್ಲ ಎಂಬುದು ಅವರಿಗೆ ಗೊತ್ತು. ರೈಲಿನಲ್ಲಿ ಯಾರು ಎಲ್ಲಿ ಕೂರಬೇಕೆಂಬುದೂ ನಿಗದಿಯಾಯಿತು: ಎಲ್ಲರ ಮುಖಕ್ಕೂ ಕಿಟಕಿಯ ಬೆಳಕು ಬೀಳಬೇಕು, ಇಲ್ಲವಾದರೆ ಮಾತು ಓದುವುದು ಹೇಗೆ.

ಮಗ ಬಂದರಿನ ಪಕ್ಕದಲ್ಲೇ ಮೂರನೆಯ ಮಹಡಿಯ ಕೋಣೆ ಹಿಡಿದಿದ್ದ. ಆ ಕಟ್ಟಡಕ್ಕೆ ಲಿಫ್ಟ್ ಇಲ್ಲವೆಂಬುದೇ ಅವನಿಗೆ ಅದರ ದೊಡ್ಡ ಆಕರ್ಷಣೆ. ‘ರಜೆಯಲ್ಲೂ ಅದರ ಮುಖ ನೋಡ್ಬೇಕಾ? ಕೆಟ್ಟು ನಿಂತರೆ ನನ್ನ ಕೈ ಸುಮ್ನಿರುತ್ತಾ?’ ಎಂದ. ಮನೆಯೆಲ್ಲ ನಕ್ಕಿತು. ಸುದ್ದಿ ಬಂದ ಮೇಲಿನ ಆ ಮೂರು ದಿನ ಮೇಸ್ತ್ರಮ್ಮ ಇದ್ದಷ್ಟು ಹುರುಪಿನಲ್ಲಿ ಅವರನ್ನು ಮೊಮ್ಮಗಳು ಹುಟ್ಟಿದ ಮೇಲೆ ಯಾರೂ ಕಂಡಿರಲಿಲ್ಲ.

ನಾಲ್ಕನೆಯ ದಿನ ಬೆಳಗ್ಗೆ ಅವರು ಅಡುಗೆಮನೆಯಲ್ಲಿ ಚಹಾಕ್ಕೆ ನೀರಿಟ್ಟು ಕಿಟಕಿಯ ಗಾಜಿನಾಚೆ ನೋಡಿದರು. ಹಿತ್ತಲಿನಲ್ಲಿ ಮಗ, ಸೊಸೆ ಮಾತಾಡುತ್ತ ನಿಂತಿದ್ದರು. ಮಗ ಈ ಮನೆಯಲ್ಲೇ ಬೆಳೆದವನು. ಗುಟ್ಟು ಆಡುವಾಗ ಕಿಟಕಿಗೆ ಬೆನ್ನು ಕೊಟ್ಟು ನಿಲ್ಲುವುದು ಅವನಿಗೆ ಉಸಿರಾಡಿದಷ್ಟೇ ಸಲೀಸು. ಸೊಸೆ ಹೊರಗಿನಿಂದ ಬಂದವಳು. ಹತ್ತು ವರ್ಷವಾದರೂ ಅವಳಿಗೆ ಆ ಅಭ್ಯಾಸ ಹತ್ತಿಲ್ಲ. ಅವಳ ಮುಖ ಕಿಟಕಿಗೆ ನೇರವಾಗಿತ್ತು, ಬೆಳಗಿನ ಬಿಸಿಲೂ ಅದರ ಮೇಲೇ ಬಿದ್ದಿತ್ತು.

‘ಬೇಡ ಅಂದ್ರೆ ಬೇಡ,’ ಎಂದಳು ಸೊಸೆ. ‘ಅತ್ತೆನ ಅಲ್ಲಿಗೆ ಕರ್ಕೊಂಡು ಹೋಗೋದು ಬೇಡ.’

ಮಗನ ಭುಜ ಏನೋ ಹೇಳಿತು. ಬೆನ್ನಿಗೆ ತುಟಿಯಿಲ್ಲ.

‘ಏನು ಸುಖ ಹೇಳಿ? ಅಷ್ಟು ಹೊತ್ತೂ ಗೊಂಬೆ ಥರ ಕೂತಿರ್ತಾರೆ. ಪಕ್ಕದಲ್ಲಿ ಕೂತು ಅದನ್ನ ನೋಡೋಕೆ ನನ್ನ ಕೈಲಾಗಲ್ಲ.’

ಮತ್ತೆ ಭುಜ.

‘ನೀವು ಮಾತ್ರ ಅವರಿಗೆ ಹೇಳ್ಬೇಡಿ. ಬೇಜಾರು ಮಾಡ್ಕೋತಾರೆ.’

ಚಹಾದ ನೀರು ಉಕ್ಕಿ ಒಲೆ ಆರಿತು. ಮೇಸ್ತ್ರಮ್ಮನಿಗೆ ಅದು ಕೇಳಿಸುವ ಪ್ರಶ್ನೆಯೇ ಇಲ್ಲ, ಕಾಣಿಸಲೂ ಇಲ್ಲ. ಸೊಸೆ ಕೆಟ್ಟವಳಾಗಿದ್ದರೆ ನೋವು ಇಷ್ಟಿರುತ್ತಿರಲಿಲ್ಲ, ಬೈದುಕೊಂಡು ಹಗುರಾಗಬಹುದಿತ್ತು. ಆದರೆ ಅವಳು ಒಳ್ಳೆಯವಳು. ಒಳ್ಳೆಯವಳಿಗೇ ತಾನು ಹೊರೆಯಾಗಿದ್ದೇನೆ ಎಂದರೆ ಅದು ನಿಜವೇ ಇರಬೇಕು ಎಂದು ಅವರಿಗೆ ಅನಿಸಿತು. ಗೊಂಬೆಯ ಹಾಗೆ ಕೂರುವುದೂ ಸುಳ್ಳಲ್ಲವಲ್ಲ. ಬೆಳಕಿಲ್ಲದ ಕಡೆ, ಎಲ್ಲರೂ ಒಟ್ಟಿಗೆ ಮಾತಾಡುವ ಕಡೆ ಅವರು ಹಾಗೆ ಕೂತದ್ದುಂಟು, ನಗುವವರ ಜೊತೆ ನಕ್ಕದ್ದುಂಟು.

ಕೇಳಿಬಿಡಬಹುದಿತ್ತು. ಆದರೆ ನಿನಗೆ ಹೇಳದ ಮಾತು ನಿನ್ನದಲ್ಲ. ಗಂಡಸರ ಕೊಂಕನ್ನು, ಮಾಲೀಕರ ಗೊಣಗಾಟವನ್ನು, ಗಿರಣಿ ಮುಚ್ಚುವ ಸುದ್ದಿಯನ್ನು ಕೂಡ ಎಲ್ಲರಿಗಿಂತ ಮೊದಲು ಓದಿ ನುಂಗಿದವರು, ಸೊಸೆಯ ನಾಲ್ಕು ಮಾತಿಗೆ ಕಾಯ್ದೆ ಮುರಿಯುತ್ತಾರೆಯೇ? ಅವರು ಒಲೆ ಒರೆಸಿದರು, ಮತ್ತೆ ನೀರಿಟ್ಟರು, ಒಳಗೆ ಬಂದ ಸೊಸೆಗೆ ಚಹಾ ಕೊಟ್ಟರು. ಸಕ್ಕರೆ ಸರಿಯಾಗಿಯೇ ಇತ್ತು.

ಆ ಸಂಜೆಯೇ ನೆಪಗಳ ಸಂತೆ ಶುರುವಾಯಿತು. ಮೊದಲು ಮೊಣಕಾಲು ನೋವೆಂದರು. ಮೂರು ಮಹಡಿ ಹತ್ತಲಾರೆ, ನೀವು ಹೋಗಿ ಬನ್ನಿ. ಮಗ ಮರುದಿನವೇ ಫೋನ್ ಮಾಡಿ ನೆಲಮಹಡಿಯ ಕೋಣೆಗೆ ಬದಲಿಸಿದ. ಆಮೇಲೆ ಉಪ್ಪುಗಾಳಿಗೆ ಕೆಮ್ಮು ಬರುತ್ತದೆ ಎಂದರು. ಇದುವರೆಗೆ ಉಪ್ಪುಗಾಳಿಯನ್ನೇ ಕಾಣದ ಕೆಮ್ಮಿಗೆ ಅದು ಹೇಗೆ ಗೊತ್ತಾಯಿತೆಂದು ಮಗ ಕೇಳಿದ. ಪಕ್ಕದ ಮನೆಯ ಬೆಕ್ಕಿಗೆ ಹಾಲು ಹಾಕುವವರಿಲ್ಲ ಎಂದರು. ಆ ಬೆಕ್ಕಿಗೆ ಅದರ ಮನೆಯವರೇ ಹಾಲು ಹಾಕುತ್ತಾರೆ. ಮೇಸ್ತ್ರಮ್ಮನಿಗೆ ನೂರು ವಿದ್ಯೆ ಬರುತ್ತಿತ್ತು, ಸುಳ್ಳು ಹೇಳುವುದೊಂದು ಬರುತ್ತಿರಲಿಲ್ಲ. ಕೊನೆಗೆ ಕಡ್ಡಿ ಮುರಿದ ಹಾಗೆ ಹೇಳಿದರು: ‘ನನಗೆ ಸಮುದ್ರ ಬೇಡ. ಅಷ್ಟೆ.’ ಹೇಳುವಾಗ ಪಾತ್ರೆ ತೊಳೆಯುವ ನೆಪದಲ್ಲಿ ಎಲ್ಲರಿಗೂ ಬೆನ್ನು ಕೊಟ್ಟಿದ್ದರು. ಸೊಸೆ ತಟ್ಟೆ ಎತ್ತಿಟ್ಟು ಕೋಣೆಗೆ ಹೋದಳು.

ಹಾಗೆಂದು ತಯಾರಿ ನಿಲ್ಲಿಸಿದರೇ? ಇಲ್ಲ. ಈ ಹೆಂಗಸಿನ ಬಗ್ಗೆ ನನಗೆ ಅತಿ ಹೆಚ್ಚು ಗೌರವ ಬರುವುದು ಇಲ್ಲಿ. ತಾನು ಹೋಗದ ಪ್ರವಾಸಕ್ಕೆ ಅವರು ಇನ್ನೂ ಚೊಕ್ಕಟವಾಗಿ ದುಡಿದರು. ಮೊಮ್ಮಗಳ ಮಳೆ ಅಂಗಿಯ ಹೊಲಿಗೆ ಬಿಚ್ಚಿತ್ತು, ಅದನ್ನು ಕೂಡಿಸಿದರು. ಸೊಸೆಯ ಚಪ್ಪಲಿ ಮರಳಿಗೆ ಆಗುವುದಿಲ್ಲವೆಂದು ತಮ್ಮ ಹೊಸ ಚಪ್ಪಲಿಯನ್ನು ಬಾಗಿಲ ಕಡೆಗಿಟ್ಟರು. ಇಬ್ಬರ ಪಾದವೂ ಒಂದೇ ಅಳತೆ. ಮಂಚದ ಮೇಲಿನ ಸಾಲಿನಿಂದ ತಮ್ಮ ಎರಡು ಜೊತೆ ಬಟ್ಟೆಯನ್ನಷ್ಟೇ ಮೆಲ್ಲಗೆ ತೆಗೆದು ಬೀರುವಿಗೆ ಹಾಕಿ, ಉಳಿದದ್ದನ್ನು ಸಂದು ಕಾಣದ ಹಾಗೆ ಹತ್ತಿರಕ್ಕೆ ಸರಿಸಿದರು. ಮುನಿಸಿಕೊಂಡವರ ಕೈ ಕೆಲಸದಲ್ಲಿ ಗೊತ್ತಾಗುತ್ತದೆ. ಅವರ ಕೈ ಒಂದಿಷ್ಟೂ ಮುನಿದಿರಲಿಲ್ಲ.

ಎಲ್ಲರೂ ನಂಬಿದರೆಂದೇ ಇಟ್ಟುಕೊಳ್ಳೋಣ, ಎಣ್ಣೆಯಣ್ಣ ನಂಬಬೇಕಲ್ಲ. ಹೊರಡಲು ಮೂರು ದಿನವಿದೆ ಎನ್ನುವಾಗ ಮೇಸ್ತ್ರಮ್ಮ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಅವನು ಹತ್ತಿ ಬಂದು ಎದುರಿಗೆ ನಿಂತ. ಅವರು ಬೆನ್ನು ತಿರುಗಿಸಿದರು. ಅವನು ಸುತ್ತು ಹಾಕಿ ಮತ್ತೆ ಎದುರಿಗೆ ಬಂದ. ಅವರು ಇತ್ತ ತಿರುಗಿದರು, ಅವನೂ ಇತ್ತ ಬಂದ. ಗಾಣದ ಎತ್ತಿನ ಹಾಗೆ ಮೂರ್ನಾಲ್ಕು ಸುತ್ತು ಆದ ಮೇಲೆ ಇಬ್ಬರಿಗೂ ಏದುಸಿರು ಬಂತು.

‘ಸಮುದ್ರ ಬೇಡ ಅಂದ್ಯಲ್ಲ,’ ಎಂದ ಎಣ್ಣೆಯಣ್ಣ ತುಟಿಯಲ್ಲೇ, ‘ಅದನ್ನ ನನ್ನ ಮುಖ ನೋಡ್ಕೊಂಡು ಇನ್ನೊಂದ್ಸಲ ಹೇಳು.’

ಮೇಸ್ತ್ರಮ್ಮ ಹಿಂಡಿದ ಬಟ್ಟೆಯನ್ನೇ ಇನ್ನೊಮ್ಮೆ ಹಿಂಡಿದರು.

‘ನನಗೆ ಬೆನ್ನು ತೋರಿಸಿ ನೀನು ಯಾವತ್ತೂ ಮಾತಾಡಿದವಳಲ್ಲ. ಏನು ಓದಿದೆ, ಯಾರ ಮುಖದ ಮೇಲೆ ಓದಿದೆ?’

‘ನನಗೆ ಹೇಳದ ಮಾತು. ಬಿಡಿ.’

‘ಕಾಯ್ದೆ ಶೆಡ್ಡಿಂದು. ಶೆಡ್ಡೇ ಮುಚ್ಚಿಹೋಯ್ತು.’

‘ಶೆಡ್ಡು ಮುಚ್ಚಿದ್ರೆ ಕಾಯ್ದೆ ಮುಚ್ಚುತ್ತಾ?’

‘ಹಾಗಾದ್ರೆ ಅಲ್ಲಿ ನಾನು ಯಾರ ಹತ್ರ ಮಾತಾಡ್ಲಿ ಹೇಳು,’ ಎಂದ ಅವನು. ‘ಸಮುದ್ರದ ಹತ್ರಾನಾ?’

ಅಷ್ಟಕ್ಕೆ ಅವರು ಸೋತರು. ಒದ್ದೆ ಹಾಸಿಗೆ ಹೊದಿಕೆಯ ಮರೆಯಲ್ಲಿ ನಿಂತು, ಓದಿದ್ದನ್ನೆಲ್ಲ ಒಂದು ಅಕ್ಷರ ಬಿಡದೆ ಹೇಳಿದರು. ಅವನು ಕೊನೆಯವರೆಗೆ ಓದಿಕೊಂಡ. ಆಮೇಲೆ ಕೇಳಿದ, ‘ನಮ್ಮವನು ಏನಂದ?’

‘ಅವನದು ಬೆನ್ನಿತ್ತು.’

‘ಅಯ್ಯೋ ಮೇಸ್ತ್ರಿ,’ ಎಂದು ಎಣ್ಣೆಯಣ್ಣ ಹಣೆ ಚಚ್ಚಿಕೊಂಡ. ‘ಬರೀ ಉದ್ದದ ಹಾಸೆಳೆ ನೋಡಿ ಬಟ್ಟೆ ಹೀಗೇ ಅಂದ್ಬಿಟ್ಯಲ್ಲ. ಅಡ್ಡದ ಹೊಕ್ಕು ಎಲ್ಲಿ? ಹೊಸಬರು ಯಾರಾದ್ರೂ ಹೀಗೆ ಮಾಡಿದ್ರೆ ನೀನು ಬಿಡ್ತಿದ್ಯಾ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ನೀನು ಕಂಡಿದ್ದೇ ಅರ್ಧ.’

ಅರ್ಧ ಎಂಬುದು ಮೇಸ್ತ್ರಮ್ಮನಿಗೆ ಹೊಳೆದಿರಲಿಲ್ಲವೇ? ಹೊಳೆದಿತ್ತು. ಆದರೆ ಉಳಿದ ಅರ್ಧ ಇದಕ್ಕಿಂತ ಕೆಟ್ಟದಾಗಿದ್ದರೆ ಎಂಬ ಅಂಜಿಕೆಯೂ ಇತ್ತು. ಮಗನೂ ಹೌದೆಂದಿದ್ದರೆ? ಅದನ್ನು ತಿಳಿಯುವುದಕ್ಕಿಂತ ಮನೆಯಲ್ಲಿ ಉಳಿದು ಬೆಕ್ಕಿಗೆ ಹಾಲು ಹಾಕುವುದು ಮೇಲು. ಅಷ್ಟೊಂದು ಮಗ್ಗಗಳನ್ನು ಹದ್ದುಬಸ್ತಿನಲ್ಲಿಟ್ಟ ಹೆಂಗಸು ಎರಡು ದಿನ ಈ ಒಂದು ಪ್ರಶ್ನೆಯನ್ನು ಬಾಯಲ್ಲಿಟ್ಟುಕೊಂಡು ಮನೆ ತುಂಬ ಓಡಾಡಿದರು. ಧೈರ್ಯ ಎಂದರೆ ಬೆರಳು ಉಳಿಸಲು ಮಗ್ಗದೊಳಗೆ ಕೈ ಹಾಕುವುದಷ್ಟೇ ಅಲ್ಲವೆಂದು ಅವರಿಗೆ ಆಗ ತಿಳಿಯಿತು.

ಹೊರಡುವ ಹಿಂದಿನ ಸಂಜೆ ಅವರು ಗೇಟಿನ ಬಳಿ ನಿಂತು ಸೊಸೆಗಾಗಿ ಕಾದರು. ಸೊಸೆ ಬಂದಳು, ಅತ್ತೆಯನ್ನು ಕಂಡು ಎಂದಿಗಿಂತ ಒಂದು ಹೆಜ್ಜೆ ಮೊದಲೇ ಮಾಸ್ಕು ಕಿತ್ತಳು. ಮೇಸ್ತ್ರಮ್ಮ ದನಿ ತೆಗೆದು ಕೇಳಿದರು. ಅವರ ದನಿ ಎಷ್ಟು ದೊಡ್ಡದೆಂಬುದು ಅವರಿಗೆ ಗೊತ್ತಾಗುವುದಿಲ್ಲ. ಎದುರಿನ ಸೈಕಲ್ ಅಂಗಡಿಯವನು ಪಂಪು ಹೊಡೆಯುವುದನ್ನು ನಿಲ್ಲಿಸಿ ನೋಡಿದ.

‘ಹಿತ್ತಲಲ್ಲಿ ನೀನು ಅಂದಿದ್ದನ್ನ ನಾನು ಓದಿದೆ ಕಣಮ್ಮ. ಓದಬಾರದಿತ್ತು, ಓದಿದ್ರೂ ಕೇಳಬಾರದಿತ್ತು. ನಾನು ಬರೋದು ನಿನಗೆ ಬೇಡ್ವಾ?’

ಸೊಸೆಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವಳು ಚೀಲವನ್ನು ಅಲ್ಲೇ ಮೆಟ್ಟಿಲ ಮೇಲಿಟ್ಟು, ಅತ್ತೆಯ ಕೈ ಹಿಡಿದು ಕೂರಿಸಿ, ಇಳಿಬಿಸಿಲು ತನ್ನ ಮುಖದ ಮೇಲೆ ಬೀಳುವಂತೆ ಎದುರಿಗೆ ಕೂತಳು.

‘ಹೌದು ಅತ್ತೆ, ಅಂದೆ,’ ಎಂದಳು. ‘ಏನಕ್ಕೆ ಅಂದೆ ಅಂತ ಕೇಳಿ. ನಿಮ್ಮ ಮಗ ನಿಮಗೆ ಗೊತ್ತಾಗದ ಹಾಗೆ ಒಂದು ಆಟಕ್ಕೆ ಎಲ್ಲರ ಟಿಕೆಟ್ ತಂದಿದ್ರು. ರಾತ್ರಿ ಬಂದರಿನ ಗೋಡೆ ಮೇಲೆ ಬಣ್ಣದ ಬೆಳಕು ಬಿಟ್ಟು, ಮೈಕಲ್ಲಿ ಹಳೇ ಕಾಲದ ಹಡಗಿನ ಕಥೆ ಹೇಳ್ತಾರಂತೆ. ಸುತ್ತ ಪೂರ್ತಿ ಕತ್ತಲೆ. ನಿಮಗೆ ಖುಷಿಯಾಗುತ್ತೆ ಅಂದ್ರು. ನಾನು ಬೇಡ ಅಂದೆ.’

ಅವಳು ಅತ್ತೆಯ ಕೈ ಬಿಡದೆ ಮುಂದುವರಿಸಿದಳು.

‘ಕರೆಂಟ್ ಹೋದಾಗ ನಿಮ್ಮನ್ನ ನಾನು ನೋಡಿದ್ದೀನಿ ಅತ್ತೆ. ನಾವೆಲ್ಲ ಕತ್ತಲಲ್ಲೇ ಮಾತಾಡ್ತಾ ನಗ್ತಾ ಇರ್ತೀವಿ. ದೀಪ ಬಂದ ತಕ್ಷಣ ನೋಡಿದ್ರೆ ನೀವೂ ನಗ್ತಾ ಕೂತಿರ್ತೀರಿ, ಯಾತಕ್ಕೆ ಅಂತ ಗೊತ್ತಿಲ್ದೆ. ಅವತ್ತಿಂದ ನನಗೆ ಕರೆಂಟ್ ಹೋದ್ರೆ ಮಾತಾಡೋಕೇ ಆಗಲ್ಲ. ಅಂಥದ್ರಲ್ಲಿ ದುಡ್ಡು ಕೊಟ್ಟು ಕತ್ತಲಿಗೆ ಕರ್ಕೊಂಡು ಹೋಗಿ ನಿಮ್ಮನ್ನ ಗೊಂಬೆ ಥರ ಕೂರಿಸ್ಲಾ?’

ಮೇಸ್ತ್ರಮ್ಮ ಓದಿದರು. ಅವರು ಜೀವಮಾನದಲ್ಲಿ ಎಷ್ಟೋ ಮುಖಗಳನ್ನು ಓದಿದ್ದಾರೆ. ತನ್ನ ಮುಖವನ್ನೂ ಒಬ್ಬರು ಹೀಗೆ ಕೂತು ಓದಿರಬಹುದೆಂದು ಎಂದೂ ಎಣಿಸಿರಲಿಲ್ಲ. ಕತ್ತಲೆಯ ಆ ನಗುವನ್ನು ಹೆತ್ತ ಮಗ ಕಂಡಿರಲಿಲ್ಲ, ಕೈ ಹಿಡಿದ ಗಂಡನೂ ಕಂಡಿರಲಿಲ್ಲ.

‘ಇನ್ನೂ ಇದೆ,’ ಎಂದಳು ಸೊಸೆ. ಈಗ ಅವಳ ತುಟಿ ಅದುರುತ್ತಿತ್ತು, ಓದುವುದು ಕಷ್ಟವಾಯಿತು. ‘ನೀವು ಸಮುದ್ರ ಬೇಡ ಅಂದ್ರಲ್ಲ, ನನ್ನ ಜೊತೆ ಬರೋಕೆ ನಿಮಗೆ ಇಷ್ಟ ಇಲ್ಲ ಅಂದ್ಕೊಂಡೆ. ಹತ್ತು ವರ್ಷ ಆದ್ರೂ ನಾನು ಹೊರಗಿನವಳೇ ಅಂದ್ಕೊಂಡೆ. ಕ್ಲಿನಿಕ್ಕಲ್ಲಿ ಮಾಸ್ಕ್ ಒಳಗೇ ಅತ್ತಿದ್ದೀನಿ, ಗೊತ್ತಾ? ಪೇಶೆಂಟು ತನ್ನ ಹಲ್ಲು ನೋಡಿ ಅಳ್ತಿದ್ದಾರೆ ಅಂತ ಹೆದರಿಬಿಟ್ರು.’

ಅಳುತ್ತಿದ್ದವಳೇ ನಕ್ಕಳು, ಮೇಸ್ತ್ರಮ್ಮನೂ ನಕ್ಕರು. ಈ ಸಲ ಏತಕ್ಕೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

‘ತಪ್ಪಾಯ್ತು ಮಗಳೇ,’ ಎಂದರು. ‘ಅರ್ಧ ಓದಿ ಪೂರ್ತಿ ನೊಂದೆ. ನಿನ್ನನ್ನೂ ನೋಯಿಸಿದೆ.’

‘ತಪ್ಪು ಒಪ್ಕೊಂಡ್ರೆ ಸಾಲ್ದು, ಬಟ್ಟೆ ತುಂಬ್ಕೋಬೇಕು. ನಿಮ್ಮ ರೈಲು ಟಿಕೆಟ್ ನಾನು ವಾಪಸ್ ಕೊಡೋಕೆ ಬಿಟ್ಟಿಲ್ಲ. ಆ ಕತ್ತಲೆ ಆಟ ಬಿಟ್ಟು ಹಗಲಲ್ಲಿ ಬಂದರು ಸುತ್ತಿಸೋ ದೋಣಿಗೆ ಹೇಳಿದ್ದೀನಿ. ಆಮೇಲೆ ಆ ಹೊಸ ಚಪ್ಪಲಿ ನೀವೇ ಹಾಕ್ಕೊಳ್ಳಿ, ನನಗೆ ಬೇಡ.’

‘ನಿನ್ನದು ಮರಳಿಗೆ ಆಗಲ್ಲ.’

‘ಬರಿಗಾಲಲ್ಲಿ ನಡೀತೀನಿ.’

ಚಪ್ಪಲಿಯ ವ್ಯಾಜ್ಯ ರಾತ್ರಿಯೂಟದವರೆಗೂ ನಡೆಯಿತು. ಆ ಅರ್ಧ ಮಾತಿನ ಕಥೆಯನ್ನೆಲ್ಲ ಕೇಳಿದ ಮಗ ತಲೆ ಕೆರೆದುಕೊಂಡು, ಬೆನ್ನು ತಿರುಗಿಸಿ ನಿಂತದ್ದು ತನ್ನದೇ ತಪ್ಪೆಂದ. ಎಣ್ಣೆಯಣ್ಣ ಮಾತ್ರ ಎಲ್ಲ ತನ್ನಿಂದಲೇ ಸರಿಹೋಯಿತೆಂದು ಎದೆ ಸೆಟೆಸಿ ಓಡಾಡಿದ. ಓಡಾಡಲಿ, ಅದರಲ್ಲಿ ಸುಳ್ಳೇನೂ ಇಲ್ಲವಲ್ಲ.

ಬಂದರು ಪಟ್ಟಣ ಅವರು ಅಂದುಕೊಂಡ ಹಾಗಿರಲಿಲ್ಲ. ಅದಕ್ಕಿಂತ ಕೊಳಕಾಗಿತ್ತು, ದೊಡ್ಡದೂ ಆಗಿತ್ತು. ಕ್ರೇನುಗಳು ಪೆಟ್ಟಿಗೆಗಳನ್ನು ಎತ್ತಿ ಹಡಗಿಗಿಡುತ್ತಿದ್ದವು, ಲಾರಿಗಳು ಸಾಲುಗಟ್ಟಿ ಕೂಗುತ್ತಿದ್ದವು, ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿತ್ತು. ನೆಲದ ನಡುಕ ಅಂಗಾಲಿಗೆ ಹತ್ತುತ್ತಲೇ ಮೇಸ್ತ್ರಮ್ಮನಿಗೆ ಊರು ಪರಿಚಯವಾದ ಹಾಗಾಯಿತು. ದೋಣಿಕಟ್ಟೆಯ ಬಳಿ ಅವರು ಹಡಗು ಬಿಗಿದಿದ್ದ ತೋಳುಗಾತ್ರದ ಹಗ್ಗದ ಎದುರು ನಿಂತುಬಿಟ್ಟರು. ಬೆರಳಿನಿಂದ ಅದರ ಹುರಿ ಬಿಡಿಸಿ ನೋಡಿ, ನೂತವರು ಕೆಲಸ ಬಲ್ಲವರೆಂದು ಎಣ್ಣೆಯಣ್ಣನಿಗೆ ಹೇಳಿದರು. ಅಷ್ಟರಲ್ಲಿ ದೋಣಿ ಹೊರಡುವ ಹೊತ್ತಾಗಿ, ಇಬ್ಬರೂ ಕೊನೆಯವರಾಗಿ ಹತ್ತಿದರು. ಮಗ, ಸೊಸೆ, ಮೊಮ್ಮಗಳು ಮೊದಲೇ ಹತ್ತಿ ದೋಣಿಯ ಆ ತುದಿ ಸೇರಿದ್ದರು. ನಡುವೆ ಜನ, ಚೀಲ, ಮಕ್ಕಳ ಗಾಡಿ.

ಹಲಗೆಗಳ ಕೆಳಗೆ ಎಂಜಿನ್ ಶುರುವಾಯಿತು. ಅದು ಶುರುವಾದದ್ದೇ ತಡ, ದೋಣಿಯಲ್ಲಿದ್ದವರೆಲ್ಲರ ಬಾಯಿ ಬಿದ್ದುಹೋಯಿತು. ಪಕ್ಕ ಪಕ್ಕ ಕೂತವರೇ ಒಬ್ಬರ ಕಿವಿಗೊಬ್ಬರು ಕೈಯಿಟ್ಟು ಅರಚುತ್ತಿದ್ದರು. ಆ ತುದಿಯಲ್ಲಿ ಮಗ ಕತ್ತಿನ ನರ ಉಬ್ಬಿಸಿಕೊಂಡು ‘ಅಮ್ಮಾ’ ಎಂದು ಕೂಗುತ್ತಿದ್ದ. ಕೂಗಿದವನಿಗೇ ಅದು ಕೇಳಿಸಿರಲಿಕ್ಕಿಲ್ಲ. ಸೊಸೆ ಅವನ ತೋಳು ಹಿಡಿದು ಸುಮ್ಮನಾಗಿಸಿದಳು. ಎದ್ದು ನಿಂತು, ಗಾಳಿಗೆ ಮುಖಕ್ಕೆ ಬಂದ ಕೂದಲು ಸರಿಸಿ, ಬಿಸಿಲಿನ ಕಡೆಗೆ ತಿರುಗಿದಳು. ಆಮೇಲೆ ದನಿ ಹೊರಡಿಸದೆ, ತುಟಿಯನ್ನಷ್ಟೇ, ಹೊಸದಾಗಿ ಶೆಡ್ಡಿಗೆ ಸೇರಿದವರ ಹಾಗೆ ಒಂದೊಂದೇ ಅಕ್ಷರ ಬಿಡಿಸಿ ಆಡಿಸಿದಳು.

‘ಅತ್ತೆ, ಇಲ್ಲಿ ಬನ್ನಿ. ನನ್ನ ಪಕ್ಕ ನಿಮಗೆ ಜಾಗ ಹಿಡ್ಕೊಂಡಿದ್ದೀನಿ.’

ಅಷ್ಟು ಜನರಲ್ಲಿ ಯಾರಿಗೂ ಕೇಳಿಸದ ಮಾತು. ಮೇಸ್ತ್ರಮ್ಮ ಕಣ್ಣೊರೆಸಿಕೊಂಡರು, ಒದ್ದೆ ಕಣ್ಣಿಗೆ ತುಟಿ ಸರಿಯಾಗಿ ಕಾಣುವುದಿಲ್ಲ. ಸೊಸೆ ಇನ್ನೊಮ್ಮೆ ಹೇಳಿದಳು. ಅವರು ಗಂಡನ ಕೈಗೆ ಚೀಲ ಕೊಟ್ಟು, ಜನರ ನಡುವೆ ದಾರಿ ಮಾಡಿಕೊಂಡು ಆ ತುದಿಗೆ ಹೋಗಿ, ಅವಳ ಪಕ್ಕದಲ್ಲಿ ಕೂತರು.